ಮಾದರಿ ರೈಲು ಎಂಜಿನ್ನಿನಿಂದ ಕಳಚಿದ ಚೂರುಗಳು: ಮೊದಲು ಗುರುತು, ಆಮೇಲೆ ಅಂಟು

ಮಾದರಿ ರೈಲು ಎಂಜಿನ್ನಿನ ಪೆಟ್ಟಿಗೆಯನ್ನು ಕಿವಿಯ ಬಳಿ ಹಿಡಿದು ಮೆಲ್ಲನೆ ಆಚೀಚೆ ವಾಲಿಸಿದಾಗ ಒಳಗೆ ಏನೋ ಹೊರಳಿದ ಸದ್ದು ಕೇಳಿಸಿದರೆ, ಪೆಟ್ಟಿಗೆಯನ್ನು ತೆರೆಯುವ ಮೊದಲೇ ಎರಡು ಸಂಗತಿಗಳು ಖಚಿತವಾಗುತ್ತವೆ: ಯಾವುದೋ ಒಂದು ಚೂರು ಬಿಡಿಯಾಗಿದೆ, ಮತ್ತು ಆ ಚೂರು ಇನ್ನೂ ಪೆಟ್ಟಿಗೆಯೊಳಗೇ ಇದೆ. ಈ ಹವ್ಯಾಸದಲ್ಲಿರುವ ಬೆಂಗಳೂರಿನ ಕೆಲವು ಗೆಳೆಯರು ಇಂತಹ ಪೆಟ್ಟಿಗೆಗಳನ್ನು ಬಸವನಗುಡಿಯ ನಮ್ಮ ಮನೆಗೆ ತರುವುದು ಈಗ ರೂಢಿಯಾಗಿದೆ. ವಿದೇಶದಿಂದ ಅಂಚೆಯಲ್ಲಿ ಬಂದವು, ಮೊದಲ ಮಾಲೀಕರಿಂದ ಎರಡನೆಯವರಿಗೆ ಕೈ ಬದಲಾಯಿಸಿದವು, ಮನೆ ಬದಲಿಸುವಾಗ ಅಟ್ಟದಿಂದ ಇಳಿದವು ಹೀಗೆ ಎಲ್ಲ ಬಗೆಯ ಎಂಜಿನ್ನುಗಳೂ ಅವುಗಳಲ್ಲಿರುತ್ತವೆ. ತಂದವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಯಾವ ಅಂಟು ಹಾಕಬೇಕು ಎಂಬುದಾಗಿರುತ್ತದೆ. ಅದಕ್ಕೆ ನಾನು ಉತ್ತರ ಕೊಡದೆ, ಈ ಚೂರು ಏನೆಂದು ನಿಮಗೆ ಗೊತ್ತೇ ಎಂದು ತಿರುಗಿ ಕೇಳುವುದು ಅವರಿಗೆ ತುಸು ನಿರಾಸೆಯನ್ನೇ ಉಂಟುಮಾಡುತ್ತದೆ. ಆದರೆ ಈ ಕೆಲಸದಲ್ಲಿ ಸಮಯದ ದೊಡ್ಡ ಪಾಲು ಗುರುತಿಸುವುದಕ್ಕೇ ಹೋಗಬೇಕು, ಅಂಟಿನ ಶೀಶೆಯ ಮುಚ್ಚಳ ಕೊಟ್ಟಕೊನೆಯಲ್ಲಿ ತೆರೆಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಚೂರುಗಳು ಇಷ್ಟು ಸುಲಭವಾಗಿ ಕಳಚುವುದಕ್ಕೆ ಅಳತೆಯೇ ಕಾರಣ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಮಾದರಿಗಳಲ್ಲಿ ನಿಜವಾದ ಎಂಜಿನ್ನಿನ 87 ಮಿಲಿಮೀಟರು 1 ಮಿಲಿಮೀಟರಿಗೆ ಇಳಿದಿರುತ್ತದೆ. ಬ್ರಿಟನ್ನಿನ ಡಬಲ್ ಒ ಮಾದರಿಗಳಲ್ಲಿ ಈ ಪ್ರಮಾಣ 76ಕ್ಕೆ 1, ಅಮೆರಿಕ ಮತ್ತು ಯುರೋಪಿನ ಎನ್ ಮಾದರಿಗಳಲ್ಲಿ 160ಕ್ಕೆ 1. ಚಾಲಕನು ಕೈಯಲ್ಲಿ ಹಿಡಿದು ಹತ್ತುವ 25 ಮಿಲಿಮೀಟರು ದಪ್ಪದ ಹಿಡಿಕಂಬಿ ಎಚ್‌ಒ ಅಳತೆಯಲ್ಲಿ 0.29 ಮಿಲಿಮೀಟರು ಆಗುತ್ತದೆ. ಅಷ್ಟು ತೆಳುವಾದ ಕಂಬಿಯನ್ನು ಸಾಮಾನ್ಯ ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿದರೆ ಬೆರಳು ತಾಗಿದರೂ ಮುರಿಯುತ್ತದೆ. ಆದ್ದರಿಂದ ತಯಾರಕರು ಅದನ್ನು ತಂತಿಯಲ್ಲಿ ಮಾಡುತ್ತಾರೆ, ಇಲ್ಲವೇ ಬಾಗಿದರೂ ಮುರಿಯದ ಬೇರೊಂದು ಪ್ಲಾಸ್ಟಿಕ್ಕಿನಲ್ಲಿ ಮಾಡಿ, ಬಾಡಿಯಲ್ಲಿನ ತೂತಿಗೆ ಒತ್ತಿ ಕೂರಿಸುತ್ತಾರೆ. ಒತ್ತಿ ಕೂರಿಸಿದ್ದು ಅಲುಗಾಡಿದರೆ ಹೊರಬರುವುದು ಸಹಜ.

ಆದರೆ ಪೆಟ್ಟಿಗೆಯಲ್ಲಿ ಸಿಕ್ಕ ಬಿಡಿಚೂರುಗಳೆಲ್ಲವೂ ಕಳಚಿದವೇ ಆಗಿರುವುದಿಲ್ಲ. ಅನೇಕ ಮಾದರಿಗಳ ಜೊತೆಗೆ ತಯಾರಕರೇ ಒಂದು ಸಣ್ಣ ಪಾರದರ್ಶಕ ಪೊಟ್ಟಣದಲ್ಲಿ ಬ್ರೇಕ್ ಪೈಪುಗಳು, ಕೊಕ್ಕೆಗಳು, ಮೆಟ್ಟಿಲುಗಳು, ಕ್ಯಾಟಲ್ ಗಾರ್ಡ್ (ಹಳಿಗೆ ಅಡ್ಡ ಬಂದ ದನಗಳನ್ನು ಬದಿಗೆ ಸರಿಸಲು ಎಂಜಿನ್ನಿನ ಮುಂದಿರುವ ತಡೆ) ಮುಂತಾದವನ್ನು ಜೋಡಿಸದೆಯೇ ಕೊಟ್ಟಿರುತ್ತಾರೆ. ಇವುಗಳನ್ನು ಕೊಳ್ಳುವವರ ಇಷ್ಟಕ್ಕೆ ಬಿಟ್ಟಿರುವುದಕ್ಕೆ ಕಾರಣವಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಸದ್ಯಕ್ಕೆ ನೋಡಬೇಕಾದದ್ದು ಚೂರಿನ ಬುಡವನ್ನು. ಬುಡದಲ್ಲಿ ಒಣಗಿದ ಅಂಟಿನ ಹೊಳಪು, ಸುಲಿದ ಬಣ್ಣ ಅಥವಾ ಮುರಿದ ಒರಟು ಅಂಚು ಕಂಡರೆ ಅದು ಒಮ್ಮೆ ಎಂಜಿನ್ನಿನ ಮೇಲೆ ಇದ್ದದ್ದು. ಬುಡ ನುಣುಪಾಗಿದ್ದು, ಪಕ್ಕದಲ್ಲೆಲ್ಲೋ ಅಚ್ಚಿನ ಚೌಕಟ್ಟಿನಿಂದ ಕತ್ತರಿಸಿದ ಚಿಕ್ಕ ಗುಬುಟು ಉಳಿದಿದ್ದರೆ ಅದು ಎಂದೂ ಎಂಜಿನ್ನಿನ ಮೇಲೆ ಏರದೇ ಪೊಟ್ಟಣ ಒಡೆದು ಹೊರಬಂದದ್ದಾಗಿರುವ ಸಂಭವ ಹೆಚ್ಚು. ಮೊದಲನೆಯದಕ್ಕೆ ಎಂಜಿನ್ನಿನ ಮೇಲೆ ಗಾಯದ ಗುರುತು ಹುಡುಕಬೇಕು. ಎರಡನೆಯದಕ್ಕೆ ಖಾಲಿ ತೂತನ್ನು ಹುಡುಕಬೇಕು.

ಪೆಟ್ಟಿಗೆಯನ್ನು ತೆರೆಯುವಾಗ ಸೀಲಿಂಗ್ ಫ್ಯಾನನ್ನು ಆರಿಸಿರಬೇಕು. ಇದು ತಮಾಷೆಯ ಮಾತಲ್ಲ. ಎನ್ ಅಳತೆಯ ವೈಪರ್ ಒಂದು ಫ್ಯಾನಿನ ಗಾಳಿಗೆ ಮೇಜಿನಿಂದ ಹಾರಿದರೆ ಮೊಸಾಯಿಕ್ ನೆಲದ ಮೇಲೆ ಅದನ್ನು ಹುಡುಕುವುದು ಯಾರಿಂದಲೂ ಆಗದು. ಅಂಚಿರುವ ಅಗಲವಾದ ತಟ್ಟೆಯಲ್ಲಿ ಬಿಳಿಯ ಬಟ್ಟೆ ಹಾಸಿ, ಪೆಟ್ಟಿಗೆಯನ್ನು ಅದರ ಮೇಲೆಯೇ ತೆರೆದು, ಸ್ಪಾಂಜಿನ ಪ್ರತಿಯೊಂದು ಗುಳಿಯನ್ನೂ, ಎಂಜಿನ್ನಿಗೆ ಸುತ್ತಿದ ಪ್ಲಾಸ್ಟಿಕ್ ಹಾಳೆಯ ಪ್ರತಿಯೊಂದು ಮಡಿಕೆಯನ್ನೂ ತೆರೆದು ನೋಡಬೇಕು. ನೆಲಕ್ಕೆ ಬಿದ್ದದ್ದೇ ಆದರೆ ದೀಪ ಆರಿಸಿ, ಟಾರ್ಚನ್ನು ನೆಲಕ್ಕೆ ತಾಗಿಸಿ ಬೆಳಕು ಅಡ್ಡಲಾಗಿ ಹರಿಯುವಂತೆ ಹಿಡಿದರೆ ಚಿಕ್ಕ ಚೂರು ಕೂಡ ಉದ್ದನೆಯ ನೆರಳು ಬೀರಿ ತನ್ನ ಜಾಗವನ್ನು ತೋರಿಸಿಕೊಡುತ್ತದೆ.

ಚೂರು ಹೊರಗೆಲ್ಲೂ ಸಿಗದಿದ್ದರೆ ಎಂಜಿನ್ನಿನ ಒಳಗೆ ನೋಡಬೇಕು. ಮಾದರಿಗಳ ಮೋಟಾರಿನಲ್ಲಿ ಶಾಶ್ವತ ಅಯಸ್ಕಾಂತ ಇರುತ್ತದೆ. ಸದ್ದು ಮಾಡುವ ಡಿಸಿಸಿ (ಡಿಜಿಟಲ್ ಸಂಕೇತಗಳಿಂದ ನಿಯಂತ್ರಿಸುವ) ಎಂಜಿನ್ನುಗಳಾದರೆ ಸ್ಪೀಕರಿನಲ್ಲಿಯೂ ಇನ್ನೊಂದು ಅಯಸ್ಕಾಂತ ಇರುತ್ತದೆ. ಉಕ್ಕಿನ ತಂತಿ, ಗಾಡಿಗಳನ್ನು ಒಂದಕ್ಕೊಂದು ಜೋಡಿಸುವ ಕಪ್ಲಿಂಗಿನ ಸ್ಪ್ರಿಂಗು, ಸಣ್ಣ ತಿರುಪು ಇವೆಲ್ಲ ಬಾಡಿಯ ಸಂದಿನಿಂದ ಒಳಗೆ ಜಾರಿ ಅಲ್ಲಿಯೇ ಅಂಟಿಕೊಂಡು ಕುಳಿತಿರುತ್ತವೆ. ಇದೇ ಕಾರಣಕ್ಕೆ, ಸದ್ದು ಮಾಡುವ ಚೂರು ಸಿಗುವ ತನಕ ಎಂಜಿನ್ನನ್ನು ಹಳಿಯ ಮೇಲಿಟ್ಟು ವಿದ್ಯುತ್ತು ಕೊಡಲೇಬಾರದು. ಗೇರುಗಳ ನಡುವೆ ಸಾಸಿವೆ ಕಾಳಿನಷ್ಟು ಚೂರು ಸಿಕ್ಕಿಕೊಂಡರೂ ಹಲ್ಲು ಮುರಿಯುತ್ತದೆ. ಹೊರಗಿನ ಹಿಡಿಕಂಬಿಗಿಂತ ಒಳಗಿನ ಗೇರನ್ನು ತರಿಸಿಕೊಳ್ಳುವುದು ಬಹಳ ಕಷ್ಟ.

ಇನ್ನು ಗುರುತಿಸುವ ಕೆಲಸ. ಚೂರನ್ನು ಭೂತಗನ್ನಡಿಯ ಕೆಳಗಿಟ್ಟು ಮೊದಲು ನೋಡಬೇಕಾದದ್ದು ಅದರ ಪಿನ್ನುಗಳನ್ನು, ಅಂದರೆ ತೂತಿನೊಳಗೆ ಕೂರುವ ತುದಿಗಳನ್ನು. ಒಳ್ಳೆಯ ತಯಾರಕರು ಒಂದೇ ಬಗೆಯ ಚೂರು ಎರಡು ಕಡೆ ಅದಲುಬದಲಾಗದಂತೆ ಒಂದು ಪಿನ್ನನ್ನು ದುಂಡಗೆ, ಇನ್ನೊಂದನ್ನು ಚೌಕವಾಗಿ ಮಾಡಿರುತ್ತಾರೆ, ಅಥವಾ ದುಂಡು ಪಿನ್ನಿನ ಒಂದು ಬದಿಯನ್ನು ಚಪ್ಪಟೆ ಮಾಡಿರುತ್ತಾರೆ. ಎರಡು ಪಿನ್ನುಗಳ ನಡುವಿನ ದೂರವನ್ನು ಅಳೆದುಕೊಂಡು, ಅದೇ ದೂರದಲ್ಲಿರುವ ಜೋಡಿ ತೂತುಗಳನ್ನು ಬಾಡಿಯ ಮೇಲೆ ಹುಡುಕಿದರೆ ಅರ್ಧಕ್ಕಿಂತ ಹೆಚ್ಚು ಚೂರುಗಳ ಮನೆ ಪತ್ತೆಯಾಗುತ್ತದೆ. ಆಮೇಲೆ ಬಣ್ಣ. ಬಾಡಿಯ ಬಣ್ಣದಲ್ಲಿರುವ ಚೂರು ಬಾಡಿಯದು, ಕಪ್ಪು ಅಥವಾ ಬೂದು ಬಣ್ಣದ್ದು ಬೋಗಿಯದು (ಅಂದರೆ ಎಂಜಿನ್ನಿನ ಕೆಳಗೆ ಚಕ್ರಗಳನ್ನು ಹೊತ್ತು ತಿರುಗುವ ಚೌಕಟ್ಟಿನದು) ಅಥವಾ ಕೆಳಭಾಗದ್ದು. ಎರಡು ಬಣ್ಣ ಬಳಿದ ಎಂಜಿನ್ನಿನಲ್ಲಿ ಹಿಡಿಕಂಬಿಯ ಮೇಲಿನ ಅರ್ಧ ಒಂದು ಬಣ್ಣ, ಕೆಳಗಿನರ್ಧ ಇನ್ನೊಂದು ಬಣ್ಣ ಇದ್ದರೆ ಅದು ಬಣ್ಣದ ಪಟ್ಟಿ ಬದಲಾಗುವ ಎತ್ತರದಲ್ಲಿಯೇ ನಿಲ್ಲಬೇಕು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಹಳೆಯ ಮಾದರಿಗಳಲ್ಲಿ ಮತ್ತೊಂದು ಅನುಕೂಲವಿದೆ: ಬೆಳಕಿಗೆ ಬಾಡಿಯ ಬಣ್ಣ ಮಾಸಿರುತ್ತದೆ, ಚೂರು ಮುಚ್ಚಿಕೊಂಡಿದ್ದ ಜಾಗ ಮಾತ್ರ ಹೊಸದರಂತೆ ಉಳಿದಿರುತ್ತದೆ. ಕಿಟಕಿಯ ಓರೆ ಬೆಳಕಿನಲ್ಲಿ ಎಂಜಿನ್ನನ್ನು ನಿಧಾನವಾಗಿ ತಿರುಗಿಸಿದರೆ ಆ ಕಲೆ ಕಾಣಿಸುತ್ತದೆ.

ಇದಕ್ಕೂ ಬಗ್ಗದ ಚೂರುಗಳು ಉಳಿಯುತ್ತವೆ, ಮತ್ತು ಅಲ್ಲಿಯೇ ಈ ಕೆಲಸದ ಸ್ವಾರಸ್ಯವಿದೆ. ನನಗೆ ಪರಿಚಿತರಾದ ಹಿರಿಯರೊಬ್ಬರು ಕೃಷ್ಣರಾಜಪುರದ ಡೀಸೆಲ್ ಶೆಡ್ಡಿನಲ್ಲಿ ದುಡಿದು ನಿವೃತ್ತರಾದವರು. ಮಾದರಿಗಳ ಬಗ್ಗೆ ಅವರಿಗೆ ವಿಶೇಷ ಆಸಕ್ತಿಯೇನೂ ಇಲ್ಲ. ಆದರೂ ಬಾಗಿದ ತಂತಿಯಂತಿದ್ದ ಒಂದು ಚೂರನ್ನು ಹಿಡಿಕಂಬಿಯೆಂದು ತಿಳಿದು ಅದರ ಜಾಗಕ್ಕಾಗಿ ಬಾಡಿಯೆಲ್ಲವನ್ನೂ ತಡಕುತ್ತಿದ್ದ ಗೆಳೆಯನಿಗೆ ಅವರು ಕನ್ನಡಕ ಏರಿಸಿಕೊಂಡು ಹೇಳಿದ್ದು ಹೀಗೆ: “ಇದು ಹಿಡಿಕೆ ಅಲ್ಲಪ್ಪ, ಸ್ಯಾಂಡ್ ಪೈಪು. ತುದಿ ನೋಡು, ಹೇಗೆ ತಿರುಗಿದೆ. ಮರಳು ಚಕ್ರದ ಬುಡಕ್ಕೆ ಬೀಳಬೇಕಲ್ಲ, ಅದಕ್ಕೆ.” ಹಳಿ ಒದ್ದೆಯಾಗಿ ಚಕ್ರ ಜಾರುವಾಗ ಚಕ್ರಕ್ಕೂ ಹಳಿಗೂ ನಡುವೆ ಮರಳು ಸುರಿದು ಹಿಡಿತ ತರುವ ಪೈಪು ಅದು. ಹಾಗಾದರೆ ಅದರ ಕೆಳತುದಿ ಹಳಿಯ ಮೇಲೆ ಕೂದಲೆಳೆಯ ಅಂತರದಲ್ಲಿ, ಚಕ್ರದ ಎದುರಿಗೆ ಇರಲೇಬೇಕು. ಮೇಲ್ತುದಿ ಮರಳಿನ ಪೆಟ್ಟಿಗೆಯ ಕಡೆಗೆ ಹೋಗಬೇಕು. ಚೂರಿನ ಆಕಾರವನ್ನು ನೋಡುತ್ತಿದ್ದ ನಮಗೆ, ನಿಜವಾದ ಎಂಜಿನ್ನಿನಲ್ಲಿ ಅದು ಮಾಡುವ ಕೆಲಸವನ್ನು ಕೇಳಿಕೊಂಡರೆ ಜಾಗ ತಾನಾಗಿಯೇ ತಿಳಿಯುತ್ತದೆ ಎಂಬುದು ಅಂದು ಸ್ಪಷ್ಟವಾಯಿತು.

ಆ ದೃಷ್ಟಿಯಿಂದ ನೋಡಿದರೆ ಬಹಳಷ್ಟು ಗೊಂದಲ ಕರಗುತ್ತದೆ. ಎರಡು ತುತ್ತೂರಿಗಳ ಹಾರ್ನಿನಲ್ಲಿ ಉದ್ದನೆಯದು ತಗ್ಗಿನ ಸ್ವರದ್ದು, ಗಿಡ್ಡದ್ದು ಏರಿನ ಸ್ವರದ್ದು. ಎರಡೂ ಬೇರೆ ಬೇರೆ ಚೂರುಗಳಾಗಿ ಬಂದಾಗ ಅಳತೆಯ ವ್ಯತ್ಯಾಸ ಅಚ್ಚಿನ ದೋಷವಲ್ಲ, ಅವು ಜೋಡಿ. ವೈಪರಿನ ದಪ್ಪ ತುದಿ ಅದರ ತಿರುಗುವ ಬುಡ. ಅದು ಗಾಜಿನ ಮೇಲಲ್ಲ, ಗಾಜಿನ ಚೌಕಟ್ಟಿನ ಮೇಲೆ ಕೂರಬೇಕು. ಮೆಟ್ಟಿಲು ಬಾಗಿಲಿನ ನೇರಕ್ಕೇ ಇರಬೇಕು, ಮೆಟ್ಟಿಲಿನ ಎರಡೂ ಬದಿಗೆ ಉದ್ದನೆಯ ಹಿಡಿಕಂಬಿ ಬರಬೇಕು. ಇಂಧನದ ಮುಚ್ಚಳ ಟ್ಯಾಂಕಿನ ಮೇಲ್ಭಾಗದಲ್ಲಿ ಇರಬೇಕೇ ಹೊರತು ತಳದಲ್ಲಿ ಇರಲಾರದು. ಗಂಟೆಯೊಂದು ಸಿಕ್ಕರೆ ಅದು ಅಮೆರಿಕದ ಎಂಜಿನ್ನಿನದು ಎಂದು ಊಹಿಸುವುದೇ ಸರಿ. ನಮ್ಮ ಡೀಸೆಲ್ ಎಂಜಿನ್ನುಗಳಿಗೆ ಗಂಟೆ ಇರುವುದಿಲ್ಲ.

ಅತಿ ಹೆಚ್ಚು ಗೊಂದಲ ಹುಟ್ಟಿಸುವುದು ಎಂಜಿನ್ನಿನ ಮುಂದೆ, ಗಾಡಿಗಳು ಒಂದಕ್ಕೊಂದು ತಾಗುವಾಗ ಹೊಡೆತ ತಾಳುವ ಬಫರ್‌ಗಳ ನಡುವೆ ಇಳಿಬೀಳುವ ಪೈಪುಗಳು. ಪೊಟ್ಟಣದಲ್ಲಿ ಅವೆಲ್ಲವೂ ಒಂದೇ ಬಗೆಯ ಕಪ್ಪು ಹುಳುಗಳಂತೆ ಕಂಡರೂ ನಿಜವಾದ ರೈಲಿನಲ್ಲಿ ಒಂದೊಂದಕ್ಕೂ ಬೇರೆ ಕೆಲಸವಿದೆ. ಏರ್ ಬ್ರೇಕ್ ಇರುವ ಭಾರತೀಯ ಎಂಜಿನ್ನುಗಳಲ್ಲಿ ಬ್ರೇಕ್ ಪೈಪಿನ ಗುರುತು ಹಸಿರು, ಫೀಡ್ ಪೈಪಿನ ಗುರುತು ಬಿಳಿ. ಮೊದಲನೆಯದರಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 5 ಕಿಲೋಗ್ರಾಂ, ಎರಡನೆಯದರಲ್ಲಿ 6 ಕಿಲೋಗ್ರಾಂ ಒತ್ತಡ ಇರುತ್ತದೆ. ಬ್ರಿಟನ್ನಿನಲ್ಲಿ ಏರ್ ಬ್ರೇಕ್ ಪೈಪಿನ ಗುರುತು ಕೆಂಪು, ಮುಖ್ಯ ಗಾಳಿ ಸಂಗ್ರಹದ ಪೈಪಿನದು ಹಳದಿ. ಗಾಳಿಯ ಒತ್ತಡದ ಬದಲು ನಿರ್ವಾತದಿಂದ ಕೆಲಸ ಮಾಡುವ ವ್ಯಾಕ್ಯೂಮ್ ಬ್ರೇಕಿನ ಪೈಪು ಇವೆಲ್ಲಕ್ಕಿಂತ ದಪ್ಪ, ಮೈಯೆಲ್ಲ ಸುರುಳಿಯಾದ ಗೀರುಗಳು, ಬಫರ್ ತೊಲೆಯ ಮೇಲಕ್ಕೆ ಎದ್ದು ನಿಂತು ಬಾಗಿರುತ್ತದೆ. ಚಳಿಯ ದೇಶಗಳಲ್ಲಿ ಪ್ರಯಾಣಿಕರ ಕೋಚುಗಳನ್ನು ಬೆಚ್ಚಗಿಡಲು ಹಬೆ ಸಾಗಿಸುತ್ತಿದ್ದ ಪೈಪು ಮಾತ್ರ ತೊಲೆಯ ಕೆಳಗೆ ಜೋತುಬೀಳುತ್ತದೆ. ಸರಕು ರೈಲಿಗೆ ಮಾತ್ರ ಬಳಸುತ್ತಿದ್ದ ಎಂಜಿನ್ನಿಗೆ ಅದು ಇರಲೇಬೇಕೆಂದಿಲ್ಲ. ಅಮೆರಿಕದ ಡೀಸೆಲ್ಲುಗಳಲ್ಲಿ ಕಪ್ಲರಿನ ಪಕ್ಕದಲ್ಲಿ ಒಂಟಿಯಾಗಿರುವುದು ರೈಲಿನ ಬ್ರೇಕಿನದು, ಎರಡೂ ಬದಿಗೆ ಗೊಂಚಲಾಗಿ ಇಳಿಬಿದ್ದಿರುವ ಸಣ್ಣ ಪೈಪುಗಳು ಹಲವು ಎಂಜಿನ್ನುಗಳನ್ನು ಒಬ್ಬನೇ ಚಾಲಕ ನಡೆಸಲೆಂದು ಇರುವಂಥವು.

ನಮ್ಮ ಡಬ್ಲ್ಯುಡಿಎಂ-2 ಎಂಜಿನ್ನನ್ನೇ ನೋಡಿ. ಅಮೆರಿಕದ ಆಲ್ಕೋ ಕಂಪನಿಯಿಂದ 1962ರಲ್ಲಿ ಬಂದು, 1964ರಿಂದ ವಾರಾಣಸಿಯಲ್ಲಿ ತಯಾರಾಗತೊಡಗಿದ ಈ 2600 ಅಶ್ವಶಕ್ತಿಯ ಎಂಜಿನ್ನುಗಳು ದಶಕಗಳ ಕಾಲ ಓಡಿದವು. ಆರಂಭದಲ್ಲಿ ಅವುಗಳಿಗೆ ವ್ಯಾಕ್ಯೂಮ್ ಬ್ರೇಕ್ ಪೈಪುಗಳಿದ್ದವು. ಆಮೇಲೆ ಹಲವಕ್ಕೆ ಏರ್ ಬ್ರೇಕ್ ಪೈಪುಗಳೂ ಸೇರಿದವು. ಆದ್ದರಿಂದ ಡಬ್ಲ್ಯುಡಿಎಂ-2 ಮಾದರಿಯೊಂದರ ಪೈಪುಗಳನ್ನು ಜೋಡಿಸುವ ಮೊದಲು ಆ ಮಾದರಿ ಯಾವ ಕಾಲದ ಎಂಜಿನ್ನನ್ನು ತೋರಿಸುತ್ತದೆ ಎಂಬುದನ್ನು ಬಣ್ಣ ಮತ್ತು ನಂಬರಿನಿಂದ ತೀರ್ಮಾನಿಸಿಕೊಳ್ಳಬೇಕಾಗುತ್ತದೆ. ಫೋಟೋ ನೋಡುವಾಗಲೂ ಇದೇ ಎಚ್ಚರ ಬೇಕು. ಭಾರತೀಯ ರೈಲು ಅಭಿಮಾನಿಗಳ ಐಆರ್‌ಎಫ್‌ಸಿಎ ತಾಣದಲ್ಲಿ ಇಂತಹ ಎಂಜಿನ್ನುಗಳ ಚಿತ್ರಗಳು ಧಾರಾಳವಾಗಿವೆ. ಆದರೆ ಒಂದೇ ವರ್ಗದ ಯಾವುದೋ ಎಂಜಿನ್ನಿನ ಚಿತ್ರ ಸಾಲದು. ಮಾದರಿಯ ಮೇಲೆ ಬರೆದಿರುವ ನಂಬರಿಗೆ ಹತ್ತಿರದ, ಅದೇ ಬಣ್ಣದ ಎಂಜಿನ್ನಿನ ಎರಡೂ ಬದಿಯ ಚಿತ್ರ ಬೇಕು. ಹುಡ್ (ಚಾಲಕನ ಕೋಣೆಯ ಹಿಂದೆ ಮುಂದೆ ಯಂತ್ರಗಳನ್ನು ಮುಚ್ಚುವ ಕಿರಿದಾದ ಹೊದಿಕೆ) ಇರುವ ಎಂಜಿನ್ನುಗಳ ಎಡ ಬಲ ಬದಿಗಳು ಒಂದೇ ತೆರನಾಗಿ ಇರುವುದಿಲ್ಲ, ಹಾಗೂ ಗಿಡ್ಡ ಹುಡ್ ಯಾವ ಕಡೆಗಿದೆ ಎಂದು ನೋಡದೆ ಎಡ ಬಲ ಎನ್ನುವುದಕ್ಕೆ ಅರ್ಥವೇ ಇಲ್ಲ.

ಛಾವಣಿಯ ಚೂರುಗಳಿಗೆ ಬೆಂಗಳೂರಿನವರಿಗೆ ಒಂದು ಸೌಲಭ್ಯವಿದೆ. ಮಲ್ಲೇಶ್ವರ, ದಂಡು, ಕೃಷ್ಣರಾಜಪುರ ನಿಲ್ದಾಣಗಳ ಪಾದಚಾರಿ ಮೇಲ್ಸೇತುವೆಯ ಮೇಲೆ ನಿಂತರೆ ಡಬ್ಲ್ಯುಎಪಿ-7ರಂತಹ ವಿದ್ಯುತ್ ಎಂಜಿನ್ನಿನ ತಲೆಯ ಮೇಲಿರುವುದೆಲ್ಲ ಕೆಳಗೇ ಹಾದುಹೋಗುತ್ತದೆ. ಎರಡು ಪ್ಯಾಂಟೋಗ್ರಾಫ್‌ಗಳು, ಅಂದರೆ ಮೇಲಿನ ತಂತಿಯಿಂದ ವಿದ್ಯುತ್ತು ಪಡೆಯುವ ಮಡಿಸುವ ಚೌಕಟ್ಟುಗಳು, ಅವುಗಳಿಂದ ಸರ್ಕ್ಯೂಟ್ ಬ್ರೇಕರಿಗೆ ಸಾಗುವ ದಪ್ಪನೆಯ ಕಂಬಿ, ಆ ಕಂಬಿಯನ್ನು ಎತ್ತಿ ಹಿಡಿದ ಇನ್ಸುಲೇಟರುಗಳು ಎಲ್ಲವನ್ನೂ ಕಣ್ಣಾರೆ ನೋಡಬಹುದು. 25 ಸಾವಿರ ವೋಲ್ಟ್ ಹರಿಯುವ ಕಂಬಿ ಛಾವಣಿಯ ಲೋಹಕ್ಕೆ ಎಲ್ಲಿಯೂ ತಾಗುವಂತಿಲ್ಲ, ಆದ್ದರಿಂದ ಅದು ಮುಟ್ಟುವುದು ಇನ್ಸುಲೇಟರಿನ ತಲೆಯನ್ನು ಮಾತ್ರ ಎಂಬ ಒಂದೇ ಸಂಗತಿ ಮನಸ್ಸಿನಲ್ಲಿದ್ದರೆ ಮಾದರಿಯ ಛಾವಣಿಯ ಕಂಬಿಯನ್ನು ತಲೆಕೆಳಗಾಗಿ ಕೂರಿಸುವ ಪ್ರಮೇಯ ಬರುವುದಿಲ್ಲ.

ಹಬೆಯ ಎಂಜಿನ್ನುಗಳ ವಿಷಯದಲ್ಲಿ ಒಂದು ಭೇದವನ್ನು ಮೊದಲೇ ಮಾಡಿಕೊಳ್ಳಬೇಕು. ಸೀಟಿ, ಸೇಫ್ಟಿ ವಾಲ್ವ್, ದೀಪದ ಕೊಕ್ಕೆ, ಮೂತಿಯ ಬಾಗಿಲಿನ ಹಿಡಿಕೆ, ನಮ್ಮ ಡಬ್ಲ್ಯುಪಿ ಎಂಜಿನ್ನಿನ ಗುಂಡು ಮೂತಿಯ ಮೇಲಿನ ನಕ್ಷತ್ರ ಇವು ಅಲಂಕಾರದ ಚೂರುಗಳು. ಚಕ್ರಗಳ ಪಕ್ಕದಲ್ಲಿ ತೂಗುವ ಸರಳುಗಳು ಮಾತ್ರ ಅಲಂಕಾರವಲ್ಲ, ಚಲಿಸುವ ಭಾಗಗಳು. ಅಲ್ಲಿಂದ ಕಳಚಿದ್ದನ್ನು ಅಂಟಿನಿಂದ ಸರಿಪಡಿಸುವ ಯೋಚನೆಯನ್ನೇ ಮಾಡಬಾರದು. ಅದಕ್ಕೆ ತಿರುಪು, ರಿವೆಟ್ಟು ಅಥವಾ ಹೊಸ ಪಿನ್ನೇ ಬೇಕು. ಸಿಲಿಂಡರಿಗೆ ಹಬೆಯ ಹರಿವನ್ನು ನಿಯಂತ್ರಿಸುವ ವಾಲ್‌ಶಾರ್ಟ್ಸ್ ಗೇರಿನ ಮುಖ್ಯ ಪಿನ್ನಿನ ಮೇಲೆ ಓರೆಯಾಗಿ ಕೂರುವ ಚಿಕ್ಕ ತೋಳು ಕಳಚಿದ್ದರೆ, ಎರಡೂ ಬದಿಯಲ್ಲಿ ಮುಖ್ಯ ಪಿನ್ನು ಕೆಳಗಿರುವಂತೆ ಒಂದಾದ ಮೇಲೊಂದು ಚಕ್ರವನ್ನು ತಿರುಗಿಸಿ, ತೋಳು ಎರಡು ಕಡೆಯೂ ಒಂದೇ ದಿಕ್ಕಿಗೆ ವಾಲಿದೆಯೇ ಎಂದು ನೋಡಿಕೊಳ್ಳಬೇಕು.

ಗುರುತು ಮುಗಿದ ಮೇಲೆ ಅಂಟಿಗಿಂತ ಮೊದಲು ವಸ್ತುವನ್ನು ತಿಳಿಯಬೇಕು. ಬಾಡಿ ಸಾಮಾನ್ಯವಾಗಿ ಪಾಲಿಸ್ಟೈರೀನ್ ಅಥವಾ ಎಬಿಎಸ್ ಪ್ಲಾಸ್ಟಿಕ್ಕಿನದು; ಬಾಗುವ ಹಿಡಿಕಂಬಿಗಳು ಹಲವು ಸಲ ಡೆಲ್ರಿನ್ ಎಂದು ಕರೆಯುವ ಅಸಿಟಾಲ್ ಪ್ಲಾಸ್ಟಿಕ್ಕಿನವು. ಮೊದಲೆರಡನ್ನು ದ್ರಾವಕದಂತಹ ಪ್ಲಾಸ್ಟಿಕ್ ಸಿಮೆಂಟು ಕರಗಿಸಿ ಬೆಸೆಯುತ್ತದೆ. ಅಸಿಟಾಲಿನ ಮೇಲೆ ಅದು ನೀರಿನಷ್ಟೇ ನಿರುಪಯೋಗಿ, ಬೇರೆ ಅಂಟುಗಳೂ ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಕಣ್ಣಿಗೆ ಎರಡೂ ಒಂದೇ. ಇದಕ್ಕೊಂದು ಅಡುಗೆಮನೆಯ ಪರೀಕ್ಷೆಯಿದೆ. ಒಂದು ಲೋಟ ನೀರಿಗೆ ಇನ್ನು ಕರಗುವುದಿಲ್ಲ ಎನ್ನುವ ತನಕ ಉಪ್ಪು ಹಾಕಿದರೆ ಆ ನೀರಿನ ಸಾಂದ್ರತೆ ಸುಮಾರು 1.2 ಆಗುತ್ತದೆ. ಪಾಲಿಸ್ಟೈರೀನ್ ಮತ್ತು ಎಬಿಎಸ್‌ಗಳ ಸಾಂದ್ರತೆ ಸುಮಾರು 1.05, ಅಸಿಟಾಲಿನದು 1.4. ಮೊದಲೆರಡು ತೇಲುತ್ತವೆ, ಅಸಿಟಾಲ್ ಮುಳುಗುತ್ತದೆ. ಚೂರು ತೀರ ಚಿಕ್ಕದಾದ್ದರಿಂದ ನೀರಿನ ಮೇಲ್ಮೈಯೇ ಅದನ್ನು ಹೊತ್ತು ನಿಲ್ಲಿಸಬಹುದು. ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿ, ಚೂರನ್ನು ಕಡ್ಡಿಯಿಂದ ಒಳಗೆ ಅದ್ದಿ ಬಿಟ್ಟು ನೋಡಬೇಕು. ಪರೀಕ್ಷೆಯಾದ ಮೇಲೆ ಸಿಹಿನೀರಿನಲ್ಲಿ ತೊಳೆದು ಒರೆಸುವುದನ್ನು ಮರೆಯಬಾರದು. ಲೋಹದ ಚೂರುಗಳಿಗೆ ಈ ಪರೀಕ್ಷೆ ಬೇಕಾಗುವುದಿಲ್ಲ.

ಅಂಟುಗಳ ಬಗ್ಗೆ ನನ್ನ ಪಕ್ಷಪಾತವನ್ನು ಮುಚ್ಚಿಡುವುದಿಲ್ಲ. ಹೆಚ್ಚಿನ ಅಲಂಕಾರದ ಚೂರುಗಳಿಗೆ ಫೆವಿಕಾಲ್‌ನಂತಹ ಬಿಳಿಯ ಅಂಟೇ ಸಾಕು. ಅದು ಒಣಗಿದ ಮೇಲೆ ಪಾರದರ್ಶಕವಾಗುತ್ತದೆ, ಹೆಚ್ಚಾದದ್ದನ್ನು ಒದ್ದೆ ಕುಂಚದಿಂದ ಒರೆಸಬಹುದು, ಜಾಗ ತಪ್ಪಿದರೆ ಬೆಚ್ಚಗಿನ ನೀರು ಸವರಿ ಬಿಡಿಸಬಹುದು. ಪಿನ್ನು ತೂತಿನಲ್ಲಿ ಬಿಗಿಯಾಗಿ ಕೂತಿದ್ದರೆ ಅಂಟು ಮಾಡಬೇಕಾದ ಕೆಲಸ ಅದು ಜಾರದಂತೆ ತಡೆಯುವುದಷ್ಟೇ. ಎಲ್ಲರ ಕೈ ಮೊದಲು ಹೋಗುವುದು ಫೆವಿಕ್ವಿಕ್ ಬಗೆಯ ಸಯನೋಅಕ್ರಿಲೇಟಿನ ಕಡೆಗೆ. ಅದು ಗಾಳಿಯ ತೇವದಿಂದ ಗಟ್ಟಿಯಾಗುವ ಅಂಟು. ಆಗ ಏಳುವ ಆವಿ ಹತ್ತಿರದ ಮೇಲ್ಮೈಗಳ ಮೇಲೆ ಬಿಳಿಯ ಮಂಜಿನಂತೆ ಕೂರುತ್ತದೆ, ಕಿಟಕಿಯ ಗಾಜು ಮತ್ತು ಹೆಡ್‌ಲೈಟುಗಳನ್ನು ಕೆಡಿಸುತ್ತದೆ. ಮೇಲಾಗಿ ಅದನ್ನು ಬಿಡಿಸುವ ಅಸಿಟೋನ್ ಬಾಡಿಯ ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ, ಅಂದರೆ ತಪ್ಪಾದ ಜಾಗದಲ್ಲಿ ಕೂತದ್ದು ಅಲ್ಲಿಯೇ ಉಳಿಯುತ್ತದೆ. ಗುರುತಿನ ಬಗ್ಗೆ ಎಳ್ಳಷ್ಟು ಅನುಮಾನವಿದ್ದರೂ ಆ ಅಂಟನ್ನು ಮುಟ್ಟಬೇಡಿ ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿ. ಲೋಹಕ್ಕೆ ಲೋಹ ಸೇರಿಸುವಾಗ, ಇಲ್ಲವೇ ಕಪ್ಲಿಂಗಿನ ಹತ್ತಿರದಲ್ಲಿ ಎಳೆತ ಬೀಳುವ ಕಡೆ, ಅರಾಲ್ಡೈಟ್‌ನಂತಹ ಎರಡು ಟ್ಯೂಬಿನ ಎಪಾಕ್ಸಿ ಒಳ್ಳೆಯದು. ಕಾಯುವ ತಾಳ್ಮೆ ಇದ್ದರೆ ನಿಧಾನವಾಗಿ ಗಟ್ಟಿಯಾಗುವುದನ್ನೇ ಆರಿಸಿಕೊಳ್ಳಬೇಕು.

ಸಲಕರಣೆಗಳು ದುಬಾರಿಯೇನಲ್ಲ. ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ ಅಂಗಡಿಗಳಲ್ಲಿ ಮೊನಚಾದ ಟ್ವೀಜರ್‌ಗಳು, ಬೆರಳಿನಿಂದ ತಿರುಗಿಸುವ ಪಿನ್ ವೈಸ್, 0.3ರಿಂದ 0.5 ಮಿಲಿಮೀಟರಿನ ಡ್ರಿಲ್ ಬಿಟ್ಟುಗಳು ದೊರೆಯುತ್ತವೆ. ನಗರ್ತಪೇಟೆಯ ಸುತ್ತ ಅಕ್ಕಸಾಲಿಗರಿಗೆ ಬೇಕಾದ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುವ, ಒತ್ತಿದರೆ ತೆರೆದು ಬಿಟ್ಟರೆ ಹಿಡಿಯುವ ಚಿಮಟ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಸಾಮಾನ್ಯ ಟ್ವೀಜರಿನಲ್ಲಿ ಒತ್ತಡ ತುಸು ಹೆಚ್ಚಾದರೆ ಚೂರು ಚಿಮ್ಮಿ ಹೋಗುತ್ತದೆ. ಈ ಚಿಮಟ ಒಂದೇ ಹದದಲ್ಲಿ ಹಿಡಿದಿರುತ್ತದೆ, ಬೆರಳು ನಡುಗಿದರೂ ಬಿಡುವುದಿಲ್ಲ. ಹಲ್ಲುಕಡ್ಡಿಯ ತುದಿಗೆ ಚೂರೇ ಚೂರು ಜೇನುಮೇಣ ಮೆತ್ತಿಕೊಂಡರೆ ಚಿಮಟದ ಹಿಡಿತಕ್ಕೂ ಸಿಗದ ಚೂರುಗಳನ್ನು ಎತ್ತಬಹುದು.

ಕೂರಿಸುವಾಗ ಮೊದಲು ಅಂಟಿಲ್ಲದೆ ಕೂರಿಸಿ ನೋಡಲೇಬೇಕು. ಪಿನ್ನು ಒಳಗೆ ಹೋಗದಿದ್ದರೆ ಒತ್ತಬಾರದು. ತೂತಿನಲ್ಲಿ ಹಳೆಯ ಅಂಟು ಅಥವಾ ಮುರಿದ ಪಿನ್ನಿನ ತುಂಡು ಉಳಿದಿರಬಹುದು, ಇಲ್ಲವೇ ಬಣ್ಣವೇ ತೂತನ್ನು ಕಿರಿದು ಮಾಡಿರಬಹುದು. ಡ್ರಿಲ್ ಬಿಟ್ಟನ್ನು ಬೆರಳಿನಲ್ಲಿ ನಿಧಾನವಾಗಿ ತಿರುಗಿಸಿ ತೂತನ್ನು ಶುಚಿ ಮಾಡಿದರೆ ಆಯಿತು. ಪಿನ್ನೇ ಮುರಿದಿದ್ದರೆ ಚೂರಿನ ಬುಡಕ್ಕೆ 0.3 ಮಿಲಿಮೀಟರಿನ ತೂತು ಕೊರೆದು ಹಿತ್ತಾಳೆಯ ತಂತಿಯ ಹೊಸ ಪಿನ್ನು ಹಾಕಬಹುದು. ಬಾಡಿಯನ್ನು ಚಾಸಿಯಿಂದ ಬಿಚ್ಚಲು ಬರುವುದಾದರೆ ಅಂಟನ್ನು ಹೊರಗಿನಿಂದ ಹಚ್ಚುವುದಕ್ಕಿಂತ, ಪಿನ್ನನ್ನು ತೂತಿನ ಮೂಲಕ ಒಳಗೆ ತೂರಿಸಿ, ಒಳಬದಿಯಲ್ಲಿ ಹೊರಬಂದ ಅದರ ತುದಿಗೆ ಸೂಜಿಯ ಮೊನೆಯಿಂದ ಒಂದು ಹನಿ ಇಡುವುದು ಅತ್ಯುತ್ತಮ. ಹೊರಗೆ ಅಂಟಿನ ಕುರುಹೇ ಇರುವುದಿಲ್ಲ. ಅಸಿಟಾಲಿನ ಚೂರುಗಳಿಗೂ ಈ ದಾರಿಯೇ ಸರಿ, ಏಕೆಂದರೆ ಒಳಬದಿಯಲ್ಲಿ ಪಿನ್ನಿನ ಸುತ್ತ ಗಟ್ಟಿಯಾದ ಹನಿ ಚೂರಿಗೆ ಅಂಟದಿದ್ದರೂ ಬಿರಡೆಯಾಗಿ ಅದನ್ನು ಹಿಡಿದಿಡುತ್ತದೆ.

ಚೂರು ನಿಜವಾಗಿಯೂ ಕಳೆದುಹೋಗಿದ್ದರೆ ನೇರವಾದ ಹಿಡಿಕಂಬಿಗಳನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಗಿಟಾರಿನ 0.012 ಇಂಚಿನ ಉಕ್ಕಿನ ತಂತಿ 0.3 ಮಿಲಿಮೀಟರು ದಪ್ಪವಿದ್ದು ಎಚ್‌ಒ ಹಿಡಿಕಂಬಿಯ ಅಳತೆಗೆ ಸರಿಹೊಂದುತ್ತದೆ, ಆದರೆ ಬಗ್ಗಿಸಲು ಗಡುಸು. ಫಾಸ್ಫರ್ ಬ್ರಾಂಜ್ ಅಥವಾ ಹಿತ್ತಾಳೆಯ ತಂತಿ ಸುಲಭ. ಇದಕ್ಕೆ ವಿರುದ್ಧವಾದ ಸಮಸ್ಯೆ ಎಂದರೆ ಎಲ್ಲ ತೂತುಗಳೂ ತುಂಬಿದ ಮೇಲೂ ತಟ್ಟೆಯಲ್ಲಿ ಉಳಿಯುವ ಚೂರು. ಒಂದೇ ಪೊಟ್ಟಣವನ್ನು ಒಂದು ವರ್ಗದ ಹಲವು ರೂಪಗಳಿಗೆ ಬಳಸುವ ತಯಾರಕರಿದ್ದಾರೆ. ಆ ಚೂರು ನಿಮ್ಮ ಎಂಜಿನ್ನಿಗೆ ಸೇರಿದ್ದೇ ಅಲ್ಲದಿರಬಹುದು. ಅದನ್ನು ಎಲ್ಲಾದರೂ ಅಂಟಿಸಿಬಿಡುವ ಚಪಲಕ್ಕೆ ಬೀಳದೆ, ಎಂಜಿನ್ನಿನ ಹೆಸರು ಬರೆದ ಪುಟ್ಟ ಜಿಪ್ ಚೀಲದಲ್ಲಿ ಹಾಕಿ ಪೆಟ್ಟಿಗೆಯಲ್ಲೇ ಇಡುವುದು ನನ್ನ ಪದ್ಧತಿ. ತೂತು ಖಾಲಿ ಕಾಣುವ ಎಂಜಿನ್ನನ್ನು ನಾನು ಸಹಿಸಬಲ್ಲೆ, ಇಲ್ಲದ ಜಾಗದಲ್ಲಿ ಹಾರ್ನು ಹೊತ್ತ ಎಂಜಿನ್ನನ್ನು ನೋಡಲಾರೆ.

ಪೈಪುಗಳನ್ನು ತಯಾರಕರು ಜೋಡಿಸದೆ ಬಿಡುವ ಕಾರಣವನ್ನು ಹೇಳುವುದು ಬಾಕಿಯಿದೆ. ಮಾದರಿ ಹಳಿಗಳ ತಿರುವುಗಳು ನಿಜವಾದವುಗಳಿಗಿಂತ ಬಹಳ ಬಿಗಿ. 18 ಇಂಚಿನ ತ್ರಿಜ್ಯದ ಎಚ್‌ಒ ತಿರುವನ್ನು 87 ಪಟ್ಟು ಹಿಗ್ಗಿಸಿದರೆ ಸುಮಾರು 40 ಮೀಟರಾಗುತ್ತದೆ. ಅಂತಹ ತಿರುವಿನಲ್ಲಿ ನಿಜವಾದ ಮುಖ್ಯಮಾರ್ಗದ ಎಂಜಿನ್ನು ಓಡಲಾರದು. ಮಾದರಿ ಓಡಬೇಕಾದರೆ ಅದರ ಕಪ್ಲಿಂಗು ಬಫರ್ ತೊಲೆಯ ಕೆಳಗೆ ಎಡಕ್ಕೂ ಬಲಕ್ಕೂ ಅಗಲವಾಗಿ ಹೊರಳಬೇಕು, ಬೋಗಿಯೂ ತಿರುಗಬೇಕು. ಆ ದಾರಿಗೆ ಅಡ್ಡವಾಗಿ ಪೈಪುಗಳೂ ಕ್ಯಾಟಲ್ ಗಾರ್ಡೂ ನಿಂತರೆ ಗಾಡಿ ಹಳಿ ತಪ್ಪುತ್ತದೆ, ಇಲ್ಲವೇ ಪೈಪು ಮುರಿಯುತ್ತದೆ. ಗಾಜಿನ ಕಪಾಟಿನಲ್ಲಿ ಇಡುವ ಎಂಜಿನ್ನಾದರೆ ಎರಡೂ ತುದಿಗೆ ಎಲ್ಲವನ್ನೂ ಕೂರಿಸಿ, ಕಪ್ಲಿಂಗನ್ನೇ ಬಿಚ್ಚಿ ತೆಗೆಯಬಹುದು. ಓಡಿಸುವ ಎಂಜಿನ್ನಾದರೆ ಹಿಂದಿನ ಗಾಡಿಗಳನ್ನು ಎಳೆಯದ ಮುಂದಿನ ತುದಿಗೆ ಪೂರ್ಣ ಅಲಂಕಾರ ಮಾಡಿ, ಹಿಂದಿನ ತುದಿಯನ್ನು ಖಾಲಿ ಬಿಡುವುದು ಇಲ್ಲಿನ ಗೆಳೆಯರಲ್ಲಿ ಹೆಚ್ಚಿನವರು ಒಪ್ಪಿರುವ ಏರ್ಪಾಡು. ಹಾಗೆ ಮಾಡುವಾಗಲೂ ಅಂಟು ಹಾಕುವ ಮೊದಲು, ಪೈಪುಗಳನ್ನು ಬರಿದೇ ಸಿಕ್ಕಿಸಿ, ನಿಮ್ಮಲ್ಲಿರುವ ಅತಿ ಬಿಗಿಯಾದ ತಿರುವಿನಲ್ಲಿ ಎಂಜಿನ್ನನ್ನು ಕೈಯಿಂದ ಎರಡೂ ದಿಕ್ಕಿಗೆ ತಳ್ಳಿ, ಬೋಗಿಯ ಅಂಚು ಯಾವ ಪೈಪಿಗೆ ತಾಗುತ್ತದೆ ಎಂದು ನೋಡಿಕೊಳ್ಳಿ. ತಾಗುವ ಪೈಪಿನ ತುದಿಯನ್ನು ಅರ್ಧ ಮಿಲಿಮೀಟರು ಕತ್ತರಿಸಿದರೆ ಹೆಚ್ಚಿನ ಸಂದರ್ಭಗಳಲ್ಲಿ ಸಾಕಾಗುತ್ತದೆ.